ನಿಮಿಯಾ ಕೇಳಿಸಿಕೊಳ್ಳದ ಮಾತು

ನಿಮಿಯಾ ಕಂತೇರೊಳ ತಾಯಿ ಬರ್ರೇರೊ ಊರಿನ ಹೆದ್ದಾರಿಯಲ್ಲಿ ಚೀಪಾ ಮಾರುತ್ತಿದ್ದಳು. ಮರಗೆಣಸಿನ ಹಿಟ್ಟಿಗೆ ಚೀಸು, ಮೊಟ್ಟೆ ಕಲಸಿ ಸುಟ್ಟ, ಬಳೆಯಂಥ ರೊಟ್ಟಿ ಅದು. ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಒಂದು ತಿರುವಿನಲ್ಲಿ ಬಸ್ಸು ಹತ್ತುವುದು, ಮುಂದಿನ ತಿರುವಿನಲ್ಲಿ ಇಳಿಯುವುದು, ಇಳಿದು ಎದುರಿನ ಬಸ್ಸು ಹಿಡಿಯುವುದು. ಪರಾಗ್ವೆ ದೇಶದ ಅರ್ಧ ಜನ ಅವಳ ಕೈಯ ಚೀಪಾ ತಿಂದಿದ್ದಾರು. ಅವಳ ಹೆಸರೇನು ಅಂತ ಕೇಳಿದವರು ಒಬ್ಬರೂ ಇರಲಿಕ್ಕಿಲ್ಲ.

ಮಗಳು ಶಾಲೆಗೆ ಹೋದಳು. ಮನೆಯಲ್ಲಿ ಗ್ವಾರಾನಿ, ಶಾಲೆಯಲ್ಲಿ ಸ್ಪ್ಯಾನಿಷ್. ಶಾಲೆಯ ಒಳಗೆ ಮನೆಯ ಮಾತು ಬಾಯಿಗೆ ಬಂದರೆ ಮುಸುಕಿನ ಜೋಳದ ಕಾಳು ಚೆಲ್ಲಿ ಅದರ ಮೇಲೆ ಮೊಣಕಾಲೂರಿಸುತ್ತಿದ್ದರು. ಮೊಣಕಾಲಲ್ಲಿ ಕಾಳಿನ ಗುರುತು ಹೊತ್ತು ಮಗಳು ಮನೆಗೆ ಬಂದ ದಿನ ತಾಯಿ ನೇರ ಶಾಲೆಗೆ ಹೋದಳು. ಜಗಳಕ್ಕಲ್ಲ.

"ಹಾಕಿ ಟೀಚರ್, ಇನ್ನೂ ಒಂದು ಹಿಡಿ ಹಾಕಿ. ನನ್ನಂಗೆ ಇದೂ ಬುಟ್ಟಿ ಹೊರೋದು ಬ್ಯಾಡ."

ಬಡವರ ಮಕ್ಕಳಿಗೆ ಅವರ ತಾಯಿಯ ಬಾಯಿಂದಲೇ ಶಿಕ್ಷೆ ಕೇಳಿಸುವ ವ್ಯವಸ್ಥೆ ಇದು. ಅದು ಕೆಲಸ ಮಾಡಿತು. ಹನ್ನೆರಡು ತುಂಬುವ ಹೊತ್ತಿಗೆ ನಿಮಿಯಾಳ ಕಿವಿಗೆ ಗ್ವಾರಾನಿ ಬಿದ್ದರೂ ತಲೆಗೆ ಸ್ಪ್ಯಾನಿಷ್ ಆಗಿಯೇ ಇಳಿಯುತ್ತಿತ್ತು. ನಡುವೆ ಏನೋ ಬದಲಾಯಿತು ಅನ್ನುವುದೂ ಅವಳಿಗೆ ತಿಳಿಯುತ್ತಿರಲಿಲ್ಲ. ಮೊದಲ ದರ್ಜೆ ಬಂತು. ರಾಜಧಾನಿ ಅಸುನ್ಸಿಯೋನಿನಲ್ಲಿ ಒಬ್ಬ ನೋಟರಿಯ ಕಚೇರಿಯಲ್ಲಿ ಬೆರಳಚ್ಚು ಮಾಡುತ್ತ ಕಾನೂನು ಓದಿದಳು. ಇಪ್ಪತ್ತೇಳನೇ ವಯಸ್ಸಿಗೆ ಸನ್ನದು ಸಿಕ್ಕಿತು. ಆ ದೇಶದಲ್ಲಿ ವಕೀಲರನ್ನೂ ಡಾಕ್ಟರ್ ಅಂತಲೇ ಕರೆಯುವುದು. ತಾಯಿ ಬಸ್ಸಿನಲ್ಲಿ ಅದನ್ನೇ ಸಾರಿಕೊಂಡು ಬಂದಳು.

"ನನ್ನ ಮಗಳು ಡಾಕ್ಟ್ರು ಆದ್ಲು ಕಣಪ್ಪ."

"ಹೊಟ್ಟೆನೋವಿಗೆ ಔಷಧಿ ಕೊಡ್ತಾಳೇನಮ್ಮ?" ಅಂತ ಯಾರೋ ಕೇಳಿದರೆ, "ಔಷಧಿ ಕೊಡಾಕಿಲ್ಲ. ಹೊಟ್ಟೆನೋವು ಕೊಟ್ಟೋರ್ನ ಒಳಗೆ ಹಾಕಿಸ್ತಾಳೆ. ನಿನಗೆ ಎಷ್ಟು ಚೀಪಾ ಹೇಳು."

ಒಳಗೆ ಹಾಕಿಸುವುದಿರಲಿ, ಅವಳ ಮೊದಲ ದೊಡ್ಡ ಮೊಕದ್ದಮೆಯಲ್ಲಿ ಅವಳ ಕಕ್ಷಿಗಾರನೇ ಒಳಗೆ ಹೋದ.

ಅವನ ಹೆಸರು ಎಲಾದಿಯೊ. ಊರು ತಕುರುತಿ. ಹಿಂದೆ ಸರ್ವಾಧಿಕಾರಿಯಾಗಿ ದೇಶ ಆಳಿದ ಜನರಲ್ ಒಬ್ಬ ತನ್ನ ಗೆಳೆಯರಿಗೆ ಉಡುಗೊರೆ ಕೊಟ್ಟ ಸರ್ಕಾರಿ ಜಮೀನಿನಲ್ಲಿ ಅರವತ್ತು ಕುಟುಂಬಗಳು ಗುಡಿಸಲು ಹಾಕಿಕೊಂಡಿದ್ದವು. ಗೆಳೆಯರ ಮಕ್ಕಳಿಗೆ ಸೋಯಾ ಬೆಳೆಯುವ ಮನಸ್ಸಾಯಿತು, ಪೊಲೀಸರು ಬಂದರು. ಕಲ್ಲು ಬಿತ್ತು, ಗುಂಡು ಹಾರಿತು. ಎಸ್ಟೇಟಿನ ಮೇಸ್ತ್ರಿ ಫುಲ್ಹೆನ್ಸಿಯೊ ಸತ್ತ. ಅವನು ಎಲಾದಿಯೊನ ಗೆಳೆಯ, ಮಗಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು. ಎಲಾದಿಯೊ ಅವನನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಯವರೆಗೆ ಓಡಿ ಬಂದಿದ್ದ. ಅಂಗಿಯೆಲ್ಲ ರಕ್ತ. ಅಷ್ಟು ಸಾಕಾಯಿತು. ಬಂದೂಕು ಮಾತ್ರ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಅವನ ತಾಯಿ ದೆಯ್ದಾಮಿಯಾ ನಿಮಿಯಾಳ ಒಂದು ಕೋಣೆಯ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಕಾಲಿಗೆ ಮೊಣಕಾಲವರೆಗೆ ಕೆಂಪು ಮಣ್ಣು.

"ನೀವೇನಾ ಚೀಪಾ ಮಾರೋಳ ಮಗಳು? ಬಸ್ಸಿನಾಗೆ ಹೇಳ್ತಿದ್ಲು. ನನ್ನ ಮಗನ್ನ ಹಿಡ್ಕಂಡೋಗವ್ರೆ. ಅವನು ಕೊಂದಿಲ್ಲ ಡಾಕ್ಟ್ರಮ್ಮ."

"ಬಿಡಿಸಿಕೊಂಡು ಬರ್ತೀನಿ, ಅವ್ವ," ಅಂದಳು ನಿಮಿಯಾ. ವಕೀಲರು ಆಡಬಾರದ ಮಾತು. ಹೊಸಬಳು, ಆಡಿಬಿಟ್ಟಳು.

ಸರ್ಕಾರಿ ವಕೀಲರ ಕೋಣೆಯಲ್ಲಿ ಹೇಳಿಕೆ. ಆ ಕಚೇರಿಗಳ ಪದ್ಧತಿ ಹೇಗೆಂದರೆ, ಆರೋಪಿ ಗ್ವಾರಾನಿಯಲ್ಲಿ ಹೇಳುತ್ತ ಹೋಗುತ್ತಾನೆ, ಗುಮಾಸ್ತ ಸ್ಪ್ಯಾನಿಷಿನಲ್ಲಿ ಬೆರಳಚ್ಚು ಮಾಡುತ್ತ ಹೋಗುತ್ತಾನೆ. ಇದನ್ನು ಅನುವಾದ ಅಂತ ಯಾರೂ ಕರೆಯುವುದಿಲ್ಲ. ಬರೆದುಕೊಳ್ಳುವುದು ಅನ್ನುತ್ತಾರೆ, ಅಷ್ಟೇ. ಕೇಳುವವನಿಗೂ ಎರಡು ಭಾಷೆ ಬರುತ್ತದೆ, ಬರೆಯುವವನಿಗೂ ಬರುತ್ತದೆ, ಪಕ್ಕದಲ್ಲಿ ಕೂತ ವಕೀಲರಿಗೂ ಬರುತ್ತದೆ. ಬಾರದಿರುವುದು ಒಬ್ಬನಿಗೆ ಮಾತ್ರ: ಯಾರ ತಲೆ ಹೋಗುತ್ತದೋ ಅವನಿಗೆ.

"ಫುಲ್ಹೆನ್ಸಿಯೊನನ್ನು ಕೊಂದದ್ದು ಯಾರು?" ಅಂತ ಸರ್ಕಾರಿ ವಕೀಲ ಕೇಳಿದ.

ಎಲಾದಿಯೊ ತಲೆ ಎತ್ತಿ ಸರ್ಕಾರಿ ವಕೀಲನನ್ನು, ಗುಮಾಸ್ತನನ್ನು, ಬಾಗಿಲಲ್ಲಿದ್ದ ಪೊಲೀಸನನ್ನು ಒಬ್ಬೊಬ್ಬರನ್ನಾಗಿ ನೋಡಿ, ತನ್ನ ಭಾಷೆಯಲ್ಲಿ ಎರಡು ಮೂರು ಪದ ಹೇಳಿ, ಅಳತೊಡಗಿದ. ಗುಮಾಸ್ತ ಬಡಿದ: "ನಾವು ಅವನನ್ನು ಕೊಂದೆವು."

ದಡ್ಡ, ಯಾಕೆ ಹೀಗೆ ಹೇಳಿದ, ಅಂತ ನಿಮಿಯಾಳಿಗೆ ಸಿಟ್ಟು ಬಂತು. ಇನ್ನೊಂದು ಅಕ್ಷರ ಆಡಬೇಡ ಅಂತ ಅವನ ತೋಳು ಹಿಡಿದಳು. ಹಾಳೆ ಬಂತು. ಓದಿದಳು. ಹೇಳಿದಂತೆಯೇ ಬರೆಯಲಾಗಿದೆ ಅನ್ನುವ ಸಾಲಿನ ಕೆಳಗೆ ರುಜು ಹಾಕಿದಳು. ಎಲಾದಿಯೊ ಹೆಬ್ಬೆಟ್ಟು ಒತ್ತಿದ.

ಎರಡು ವರ್ಷದ ನಂತರ ತೀರ್ಪು. ಗುಂಪಿನ ಪರವಾಗಿ ಆಡಿದ ಮಾತು, ಆಘಾತದಲ್ಲಿ ಆಡಿದ್ದು, ಅಂತ ನಿಮಿಯಾ ಮೂರು ದಿನ ವಾದಿಸಿದಳು. ಜಡ್ಜ್ ಒಂದೇ ಸಾಲು ಓದಿದರು: ಆರೋಪಿ ತನ್ನದೇ ವಕೀಲರ ಸಮ್ಮುಖದಲ್ಲಿ ಒಪ್ಪಿಕೊಂಡಿದ್ದಾನೆ. ಹದಿನೆಂಟು ವರ್ಷ.

ತೀರ್ಪಾಗಿ ಮೂರು ವಾರಕ್ಕೆ, ಮೇಲ್ಮನವಿಗೆ ಬೇಕಾದ ಕಾಗದ ಕೇಳಲು ನಿಮಿಯಾ ತಕುರುತಿಗೆ ಹೋದಳು. ದೆಯ್ದಾಮಿಯಾ ಬೇಯಿಸಿದ ಮರಗೆಣಸು, ಅವರೆಯಂಥ ಕಾಳಿನ ಸಾರು ಇಟ್ಟಳು. ಸೊಸೆ, ಎಲಾದಿಯೊನ ಹೆಂಡತಿ, ಒಲೆಯ ಹತ್ತಿರ ನಿಂತೇ ಇದ್ದಳು.

"ನೀನೂ ಕೂತ್ಕೊ. ಊಟ ಆಯ್ತಾ ನಿಮ್ಮದೆಲ್ಲ?" ಅಂದಳು ನಿಮಿಯಾ.

"ಒರೆ, ಆಗ್ಲೇ ಉಂಡ್ವಿ," ಅಂದಳು ಸೊಸೆ.

ದೆಯ್ದಾಮಿಯಾ ತಿರುಗಿಬಿದ್ದಳು. "ಮನೆಗೆ ಬಂದೋರ ಮುಂದೆ ಒರೆ ಅಂತೀಯಲ್ಲೆ, ನಿನ್ನ ಬಾಯಿಗೆ ಬೂದಿ ಹಾಕ. ಡಾಕ್ಟ್ರಮ್ಮ ಏನು ಹೊರಗಿನೋರಾ? ಞಂದೆ ಉಣ್ಣಾನ ಅನ್ನು. ಕಲ್ಸಿಲ್ವಾ ನಿಮ್ಮವ್ವ?"

ನಿಮಿಯಾಳ ಕೈ ತಟ್ಟೆಯಲ್ಲೇ ನಿಂತಿತು.

ಆ ಭಾಷೆಯಲ್ಲಿ ‘ನಾವು’ ಎರಡಿವೆ. ತುಳುವಿನ ನಮ, ಎಂಕುಲು ಬಲ್ಲವರಿಗೆ, ತೆಲುಗಿನ ಮನಮು, ಮೇಮು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒರೆ ಎಂದರೆ ನಿನ್ನನ್ನು ಬಿಟ್ಟು ನಾವು. ಞಂದೆ ಎಂದರೆ ನೀನೂ ಸೇರಿ ನಾವೆಲ್ಲ. ಕೊಂದದ್ದು ತಾನೂ ತನ್ನ ಊರವರೂ ಆಗಿದ್ದರೆ, ಸರ್ಕಾರಿ ವಕೀಲನ ಮುಂದೆ ಎಲಾದಿಯೊ ಒರೆ ಅನ್ನಬೇಕಿತ್ತು. ಅವನು ಅಂದದ್ದು ಞಂದೆ. ಒಬ್ಬೊಬ್ಬರ ಮುಖ ನೋಡಿ ಅಂದಿದ್ದ. ಬಂದೂಕು ಕಳಿಸಿದ ನೀನು, ಬರೆಯುತ್ತಿರುವ ನೀನು, ಹೊಡೆದ ನೀನು, ಗುಡಿಸಲು ಬಿಟ್ಟು ಏಳದ ನಾನು, ಎಲ್ಲ ಸೇರಿ ನನ್ನ ಗೆಳೆಯನನ್ನು ಕೊಂದೆವು. ಅದು ತಪ್ಪೊಪ್ಪಿಗೆಯಲ್ಲ. ಆ ಕೋಣೆಯಲ್ಲಿ ಅಂದು ಯಾರಾದರೂ ಹೊರಿಸಿದ ಆರೋಪ ಇದ್ದರೆ ಅದೊಂದೇ. ಸ್ಪ್ಯಾನಿಷಿನ ಒಂಟಿ ‘ನಾವು’ ಅದನ್ನು ನುಂಗಿ ಹಾಕಿತು. ಕೆಳಗೆ ನಿಮಿಯಾಳ ರುಜು.

"ಯಾಕವ್ವ, ಸಾರು ಖಾರ ಆಯ್ತಾ?" ಅಂದಳು ದೆಯ್ದಾಮಿಯಾ.

"ಇಲ್ಲ. ಚೆನ್ನಾಗಿದೆ."

ಮರುದಿನ ಅವಳು ಹಳೆಯ ನೋಟರಿಯ ಹತ್ತಿರ ಹೋಗಿ ಎಲ್ಲ ಹೇಳಿದಳು. ಮೇಲ್ಮನವಿಯಲ್ಲಿ ಇದನ್ನು ಎತ್ತಬೇಕಾದರೆ ಅವಳೇ ಪ್ರಮಾಣ ಮಾಡಬೇಕು: ಪಕ್ಕದಲ್ಲೇ ಕೂತಿದ್ದೆ, ಕೇಳಿಸಿಕೊಳ್ಳದೆ ರುಜು ಹಾಕಿದೆ, ಎಂದು. ಮುದುಕ ಕನ್ನಡಕ ತೆಗೆದು ಒರೆಸಿದ.

"ಸನ್ನದು ಹೋಗುತ್ತಮ್ಮ. ಆ ಅರವತ್ತು ಮನೆಯವರ ಜಮೀನಿನ ಕೇಸೂ ನಿನ್ನ ಕೈಲೇ ಇದೆಯಲ್ಲ? ಒಬ್ಬನಿಗೋಸ್ಕರ ಅರವತ್ತು ಮನೆ ಮುಳುಗಿಸ್ತೀಯಾ? ಅದು ಮುಗೀಲಿ, ಆಮೇಲೆ ನೋಡು."

ಮಾತು ಸರಿಯಾಗಿಯೇ ಇತ್ತು. ಜಗತ್ತಿನಲ್ಲಿ ದೊಡ್ಡ ದೊಡ್ಡ ಅನ್ಯಾಯಗಳು ನಿಂತಿರುವುದೇ ಇಂಥ ಸರಿಯಾದ ಮಾತುಗಳ ಮೇಲೆ. ಮೇಲ್ಮನವಿ ಬೇರೆ ಕಾರಣ ಕೊಟ್ಟು ಹೋಯಿತು, ವಜಾ ಆಗಿ ಬಂತು. ಜಮೀನಿನ ಕೇಸಿನಲ್ಲಿ ಅವಳು ಗೆದ್ದಳು. ಪತ್ರಿಕೆಗಳಲ್ಲಿ ಪಟ ಬಂತು: ಚೀಪಾ ಬುಟ್ಟಿಯಿಂದ ಕೋರ್ಟಿನವರೆಗೆ. ತಕುರುತಿಗೆ ಹಕ್ಕುಪತ್ರ ಬಂದ ಮೂರೇ ವರ್ಷಕ್ಕೆ ಸುತ್ತಲಿನ ಸೋಯಾದ ವಿಷ ಬಾವಿಗಿಳಿದು ಜನ ಒಬ್ಬೊಬ್ಬರಾಗಿ ಬಿಟ್ಟು ಹೋದರು. ಆ ಪಟ ಯಾರೂ ಹಾಕಲಿಲ್ಲ.

ಅಷ್ಟು ಹೊತ್ತಿಗೆ ವಿಲ್ಫ್ರಿದೊ ಅನ್ನುವವನು ಅವಳ ಬಾಗಿಲಿಗೆ ಬಂದಾಗಿತ್ತು. ಪಕ್ಷದಲ್ಲಿ ಚುನಾವಣೆಯ ಪಟ್ಟಿ ಬರೆಯುವವನು ಅವನೇ. ಪಟ್ಟಿಯಲ್ಲಿ ಎಷ್ಟನೇ ಹೆಸರು ಅನ್ನುವುದರ ಮೇಲೆ ಆ ದೇಶದಲ್ಲಿ ಸಂಸತ್ತು ತುಂಬುತ್ತದೆ; ಜನ ಹೋಗಿ ಪಟ್ಟಿಗೆ ಮುದ್ರೆ ಒತ್ತಿ ಬರುತ್ತಾರೆ.

"ಐದನೇ ಹೆಸರು ನಿಮ್ಮದು, ಡಾಕ್ಟರ್. ಕೋರ್ಟಲ್ಲಿ ಒಬ್ಬೊಬ್ಬರನ್ನ ಬಿಡಿಸ್ತಾ ಎಷ್ಟು ವರ್ಷ ಕೂರ್ತೀರಿ? ಕಾನೂನನ್ನೇ ಬದಲಾಯಿಸಿ," ಅಂದ.

"ಒಂದು ಹಳೇ ಕೇಸಿದೆ. ಅದನ್ನ ಮೊದಲು—"

"ಚುನಾವಣೆ ಆಗಲಿ."

ಚುನಾವಣೆ ಆಯಿತು. ಭಿತ್ತಿಪತ್ರದಲ್ಲಿ ನಿಮಿಯಾ ನಗುತ್ತಿದ್ದಳು, ಕೆಳಗೆ ದಪ್ಪಕ್ಷರದಲ್ಲಿ ‘ಞಂದೆ ನಿಮಿಯಾ’, ನಮ್ಮೆಲ್ಲರ ನಿಮಿಯಾ. ಆ ಪದ ಆರಿಸಿದ್ದು ಪಕ್ಷದ ಜಾಹೀರಾತಿನವನು. ಬೇಡ ಅನ್ನಲು ಅವಳಿಗೆ ಕಾರಣ ಇತ್ತು; ಹೇಳುವಂಥ ಕಾರಣ ಇರಲಿಲ್ಲ.

ಕೆಳಮನೆಯಲ್ಲಿ ಐದು ವರ್ಷ. ಕೆಲಸಗಳ್ಳಿ ಅಂತ ಯಾರೂ ಅವಳನ್ನು ಅನ್ನುವಂತಿಲ್ಲ. ನಾಲ್ಕನೇ ವರ್ಷ ಅವಳೇ ಒಂದು ಮಸೂದೆ ತಂದಳು: ಆರೋಪಿ ಆಡಿದ ಭಾಷೆಯಲ್ಲೇ ಹೇಳಿಕೆ ಬರೆದುಕೊಳ್ಳಬೇಕು, ಅವನಿಗೆ ಓದಿ ಹೇಳಬೇಕು. ಭಾಷಣದಲ್ಲಿ ಒಬ್ಬ ಬಡವನ ಕತೆ ಹೇಳಿದಳು. ಞಂದೆ ಅಂದವನು, ಹದಿನೆಂಟು ವರ್ಷ ಶಿಕ್ಷೆ ಬಿದ್ದವನು. ಸದನ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅವನ ಪಕ್ಕ ಕೂತಿದ್ದ ವಕೀಲರು ಯಾರು ಅಂತ ಒಬ್ಬ ಸದಸ್ಯನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕಾನೂನು ಬಂತು. ಮುಂದೆ ಹಿಡಿಯಲ್ಪಡುವವರಿಗೆಲ್ಲ ಅನ್ವಯ. ಹಿಂದಿನವರಿಗೆ ಇಲ್ಲ. ದೀಪದ ಬುಡದ ಕತ್ತಲೆ ಅನ್ನುತ್ತೇವೆ. ಇಲ್ಲಿ ಬುಡದಲ್ಲಿ ಒಬ್ಬ ಮನುಷ್ಯ ಕೆಮ್ಮುತ್ತ ಕೂತಿದ್ದ.

ಮುಂದಿನ ಚುನಾವಣೆಯಲ್ಲಿ ಅವಳು ಸೆನೆಟಿಗೆ ಹೋದಳು. ದೆಯ್ದಾಮಿಯಾ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದಳು. ತಕುರುತಿ ಬಿಟ್ಟು ರಾಜಧಾನಿಯ ಹೊಳೆದಂಡೆಯ ಕೊಳೆಗೇರಿಯಲ್ಲಿ ತಗಡಿನ ಮನೆ ಮಾಡಿದ್ದಳು. ಹನ್ನೊಂದನೇ ವರ್ಷ ಬಂದಾಗ ಕುರ್ಚಿಯಲ್ಲಿ ಕೂರಲಿಲ್ಲ.

"ರಕ್ತ ಕೆಮ್ತಾನೆ, ಡಾಕ್ಟ್ರಮ್ಮ. ಕ್ಷಯ ಅಂತೆ. ಇನ್ನೂ ಏಳು ವರ್ಷ ಐತೆ. ಏಳು ತಿಂಗಳು ಉಳಿಯಾಕಿಲ್ಲ ಅವನು. ಏನಾರಾ ಕಾಗದ ಐತಾ ಇನ್ನ?"

"ಇದೆ ಅವ್ವ. ಒಂದಿದೆ."

"ಮತ್ತೆ ಹಾಕಿ. ಅದಕ್ಯಾಕೆ ತಡ?"

ಮುದುಕಿ ಚುಚ್ಚಿ ಕೇಳಿದ್ದಲ್ಲ; ನಿಜವಾಗಿ ಕೇಳಿದ್ದು.

ಮಾರನೆಯ ದಿನ ನಿಮಿಯಾ ಜೈಲಿಗೆ ಹೋದಳು. ನಾಲ್ಕು ವರ್ಷದಿಂದ ಹೋಗಿರಲಿಲ್ಲ. ಎಲಾದಿಯೊ ಗೋಡೆ ಹಿಡಿದು ಬಂದ. ನಲವತ್ತೆರಡು ವರ್ಷದವನು ಅರವತ್ತರಂತೆ ಕಾಣುತ್ತಿದ್ದ.

"ನಿಮ್ಮ ಕಾನೂನು ಬಂತಂತೆ, ಡಾಕ್ಟ್ರಮ್ಮ. ಹೊಸದಾಗಿ ಬರೋ ಹುಡುಗ್ರು ಹೇಳ್ತಾರೆ, ನಮ್ಮ ಮಾತ್ನಾಗೇ ಬರ್ಕತಾರಂತೆ. ಒಳ್ಳೇದಾಯ್ತು." ಕೆಮ್ಮು ಬಂತು, ನಿಂತಿತು. "ನನ್ನ ಮಾತನ್ನೇ ಅಲ್ಲಿ ಹೇಳಿದ್ರಂತೆ. ಆವತ್ತು ನೀವು ಕೇಳಿಸ್ಕಂಡಿದ್ರಿ ಅಂತ ನನಗೆ ಗೊತ್ತಿತ್ತು. ನೀವು ಹೇಳಿರ್ತೀರಿ, ಜಡ್ಜು ಒಪ್ಪಿರಾಕಿಲ್ಲ ಅಂದ್ಕಂಡೆ. ಅಲ್ವಾ?"

ನಿಮಿಯಾ ಜಾಲರಿಯ ಹತ್ತಿರಕ್ಕೆ ಬಾಗಿದಳು.

"ಇಲ್ಲ, ಎಲಾದಿಯೊ. ನಾನು ಕೇಳಿಸಿಕೊಳ್ಳಲಿಲ್ಲ."

ಕಾವಲಿನವನು ಹೊತ್ತಾಯಿತು ಅಂದಾಗ ಎಲಾದಿಯೊ ಮತ್ತೆ ಗೋಡೆ ಹಿಡಿದು ಒಳಗೆ ಹೋದ.

ಮರುವಿಚಾರಣೆಯ ಅರ್ಜಿ ಆ ವಾರವೇ ದಾಖಲಾಯಿತು. ವಿಲ್ಫ್ರಿದೊ ಓಡಿ ಬಂದ. ಏಪ್ರಿಲ್ಲಿಗೆ ಅವಳ ಹೆಸರು ಮಂತ್ರಿಗಿರಿಗೆ ಓಡುತ್ತಿತ್ತು.

"ಹಾಕಿದ್ದು ಹಾಕಿ ಆಯ್ತು. ಒಂದು ಮಾತು ಕೇಳಿ. ತಪ್ಪು ಗೊತ್ತಾಗಿದ್ದು ಯಾವಾಗ ಅಂತ ಕೇಳೇ ಕೇಳ್ತಾರೆ. ಈಚೆಗೆ ಅನ್ನಿ. ಅವನಿಗೇನೂ ನಷ್ಟ ಇಲ್ಲ, ಬಿಡುಗಡೆ ಆಗ್ತಾನೆ. ಕಿವಿಗೆ ಬೀಳ್ಲಿಲ್ಲ ಅಂದ್ರೆ ಜನ ಮರೀತಾರೆ. ಬಿದ್ದಮೇಲೂ ಸುಮ್ಮನಿದ್ದೆ ಅಂದ್ರೆ ಮರೆಯಲ್ಲ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸುಳ್ಳಾಗಬೇಕಿದ್ದದ್ದು ಅವಳ ಉತ್ತರ ಮಾತ್ರ.

ವಿಚಾರಣೆ ಒಂದು ಶುಕ್ರವಾರ. ಎಲಾದಿಯೊನ ವಕಾಲತ್ತು ಹನ್ನೊಂದು ವರ್ಷದಿಂದ ಅವಳ ಹೆಸರಲ್ಲೇ ಇತ್ತು; ವಕೀಲೆಯೂ ಅವಳೇ, ಸಾಕ್ಷಿಯೂ ಅವಳೇ. ಸೆನೆಟರ್ ಆದ್ದರಿಂದ ಯಾರೂ ತಕರಾರು ಎತ್ತಲಿಲ್ಲ. ಮುಂದಿನ ಬೆಂಚಿನಲ್ಲಿ ದೆಯ್ದಾಮಿಯಾ ಇಸ್ತ್ರಿ ಮಾಡಿದ ಬಿಳಿ ರವಿಕೆ ತೊಟ್ಟು ಕೂತಿದ್ದಳು. ನಿಮಿಯಾ ಅಂದು ಅವನು ಆಡಿದ ಮಾತನ್ನು ಅವನ ಭಾಷೆಯಲ್ಲೇ ಹೇಳಿದಳು. ಭಾಷಾಪಂಡಿತನೊಬ್ಬ ಬಂದು ಹೌದೆಂದ. ಮೂವರು ಜಡ್ಜರು ತಲೆಯಾಡಿಸಿದರು. ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಅರ್ಧ ಗಂಟೆಯ ಕೆಲಸ, ಹನ್ನೊಂದು ವರ್ಷ.

ಪಾಟೀಸವಾಲಿಗೆ ಎದ್ದ ಸರ್ಕಾರಿ ವಕೀಲ ಕಾಗದ ತಿರುವುತ್ತ ಕೇಳಿದ. "ಈ ತಪ್ಪು ನಿಮ್ಮ ಗಮನಕ್ಕೆ ಬಂದದ್ದು ಯಾವಾಗ, ಡಾಕ್ಟರ್?"

ನಿಮಿಯಾ ಬೆಂಚಿನ ಕಡೆ ನೋಡಲಿಲ್ಲ.

"ತೀರ್ಪಾಗಿ ಮೂರು ವಾರಕ್ಕೆ."

"ಅಂದರೆ?"

"ಒಂಬತ್ತು ವರ್ಷ ಆಯಿತು."

ದೆಯ್ದಾಮಿಯಾ ಪಕ್ಕದವಳ ಕಡೆ ಬಾಗಿ, "ಎಷ್ಟು ಅಂದ್ರು?" ಅಂತ ಕೇಳಿದ್ದು ಎಲ್ಲರಿಗೂ ಕೇಳಿಸಿತು. ಪಕ್ಕದವಳು ಒಂಬತ್ತು ಬೆರಳು ಎತ್ತಿ ತೋರಿಸಿದಳು.

ಶಿಕ್ಷೆ ರದ್ದಾಯಿತು. ಸನ್ನದು ಅಮಾನತಾಯಿತು. ಹೊರಗಿನ ಮೊಗಸಾಲೆಯಲ್ಲಿ ನಿಮಿಯಾ ಗೋಡೆಗೆ ಒರಗಿ ನಿಂತಿದ್ದಾಗ ಮುದುಕಿ ಬಂದು ಎದುರು ನಿಂತಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಪ್ರತಿ ಡಿಸೆಂಬರ್‌ನಾಗೆ ಕಾಕುಪೆ ಮಾತೆ ಚರ್ಚಿಗೆ ನಡ್ಕಂಡು ಹೋಗ್ತಿದ್ದೆ. ಮಗನಿಗೆ ಅಂತಲ್ಲ. ಅವನ್ದು ಹೆಂಗೂ ನಿಮ್ಮ ಕೈನಾಗೆ ಐತಲ್ಲ ಅಂತ, ನಿಮಗೆ ಆಯಸ್ಸು ಕೊಡು ಅಂತ ಮೇಣದಬತ್ತಿ ಹಚ್ಚಿ ಬರ್ತಿದ್ದೆ."

"ಅವ್ವ—"

"ಹಚ್ಚಿದ್ದನ್ನ ವಾಪಸ್ ತಗಳ್ಳೋದು ಹೆಂಗೆ ಅಂತ ಪಾದ್ರಿನ ಕೇಳ್ಬೇಕು," ಅಂದು ಮುದುಕಿ ಸೊಸೆಯ ಭುಜ ಹಿಡಿದು ಮೆಟ್ಟಿಲಿಳಿದಳು.

ಕಾನೂನಿನ ಇನ್ನೊಂದು ಚೆಂದ ನೋಡಿ. ಬಿಡುಗಡೆಯ ಆದೇಶ ಪಡೆಯಲು ವಕೀಲರ ರುಜು ಬೇಕು. ವಕೀಲೆಯ ಸನ್ನದು ಅದೇ ಮಧ್ಯಾಹ್ನ ಹೋಗಿತ್ತು. ಶನಿವಾರ, ಭಾನುವಾರ ರಜೆ; ಸೋಮವಾರ ಯಾವುದೋ ಯುದ್ಧದ ವೀರರ ದಿನ. ನಿರಪರಾಧಿ ಅಂತ ಕೋರ್ಟೇ ಹೇಳಿದ ಮನುಷ್ಯ ಇನ್ನೂ ನಾಲ್ಕು ದಿನ ಅದೇ ನೆಲದ ಮೇಲೆ ರಕ್ತ ಕೆಮ್ಮುತ್ತ ಮಲಗಿದ. ನಿಮಿಯಾ ಸತ್ಯ ಹೇಳಿದ್ದಕ್ಕೆ ತೆತ್ತವನೂ ಅವನೇ.

ಮಂಗಳವಾರ ಬೇರೊಬ್ಬ ವಕೀಲರ ರುಜು ಸಿಕ್ಕಿತು. ಹತ್ತು ಗಂಟೆಗೆ ಜೈಲಿನ ಎದುರು ದೆಯ್ದಾಮಿಯಾ, ಸೊಸೆ ನಿಂತಿದ್ದರು. ರಸ್ತೆಯ ಆಚೆ ಬದಿಯಲ್ಲಿ ನಿಮಿಯಾ. ಸೆನೆಟಿಗೆ ರಾಜೀನಾಮೆ ಕೊಟ್ಟು ನೇರ ಬಂದಿದ್ದಳು. ವಕೀಲರ ಬಾಗಿಲಲ್ಲಿ ಒಳಗೆ ಹೋಗಲು ಈಗ ಅವಳಿಗೆ ಹಕ್ಕಿರಲಿಲ್ಲ.

ಒಳಗೆ ಗುಮಾಸ್ತ ಹಾಳೆ ಮುಂದಿಟ್ಟು, ಇಲ್ಲಿ ಹೆಬ್ಬೆಟ್ಟು ಒತ್ತು ಅಂದ.

"ಏನು ಬರ್ದೈತೆ?" ಅಂದ ಎಲಾದಿಯೊ.

"ಬಿಡುಗಡೆ ಅಂತ ಬರೆದಿದೆ. ಹೋಗಲ್ವಾ ಮನೆಗೆ? ಒತ್ತು."

"ಓದಿ. ನನ್ನ ಮಾತ್ನಾಗೆ ಓದಿ."

"ಹಿಂದೆ ಹನ್ನೆರಡು ಜನ ಕಾಯ್ತಿದ್ದಾರೆ ಮಾರಾಯ."

ಎಲಾದಿಯೊ ಬೆಂಚಿನ ಮೇಲೆ ಕೂತುಬಿಟ್ಟ. ಸರತಿಯಲ್ಲಿದ್ದವರು ಗೊಣಗಿದರು, ಒಬ್ಬ, "ಇಲ್ಲೇ ಇರ್ತಾನಂತೆ, ಅಭ್ಯಾಸ ಆಗೈತೆ," ಅಂತ ಹಂಗಿಸಿದ. ಗುಮಾಸ್ತನಿಗೆ ಗ್ವಾರಾನಿಯಲ್ಲಿ ಓದಿ ರೂಢಿಯಿಲ್ಲ. ಕೊನೆಗೆ ಕಾವಲಿನ ಹೆಂಗಸೊಬ್ಬಳನ್ನು ಕರೆಸಿದರು. ಅವಳು ಪದ ಪದ ಹುಡುಕಿ, ತಡವರಿಸಿ ಹೇಳತೊಡಗಿದಳು. ಎಲಾದಿಯೊ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ, ಮೂರನೇ ಸಾಲು ಇನ್ನೊಂದು ಸಲ ಹೇಳವ್ವ ಅಂದ.

ಹೊರಗೆ ಹನ್ನೊಂದೂವರೆ ಆಯಿತು. ದೆಯ್ದಾಮಿಯಾ ರಸ್ತೆ ದಾಟಿ ಬಂದಳು. ಕೇಳಲು ಬೇರೆ ಯಾರೂ ಇರಲಿಲ್ಲ.

"ಯಾಕೆ ಇನ್ನೂ ಬಿಡ್ಲಿಲ್ಲ? ಮತ್ತೇನಾರಾ ಆಯ್ತಾ?"

ನಿಮಿಯಾ ಆಗಲೇ ಒಳಗಿನಿಂದ ಬಂದ ಒಬ್ಬನನ್ನು ಕೇಳಿ ತಿಳಿದುಕೊಂಡಿದ್ದಳು. "ಏನೂ ಇಲ್ಲ. ಕಾಗದ ಓದಿಸಿ ಕೇಳ್ತಿದ್ದಾನೆ."

"ಕೇಳ್ಲಿ," ಅಂದಳು ಮುದುಕಿ. ನಿಮಿಯಾಳ ಪಕ್ಕ ನಿಲ್ಲಲಿಲ್ಲ. ಮತ್ತೆ ರಸ್ತೆ ದಾಟಿ, ಗೋಡೆಯ ನೆರಳಿಗೆ ಹೋಗಿ ಕೂತಳು.